ಅಕ್ಕನ ಹಳದಿ ಗಂಟುಗಳು

ಇಡೀ ಮದ್ರಾಸಿನಲ್ಲಿ ದೇವರ ಕೋಣೆಯೊಳಗೆ ಸಿಗರೇಟು ಪೇರಿಸಿಟ್ಟುಕೊಂಡಿದ್ದವಳು ನನ್ನ ಅಕ್ಕ ಒಬ್ಬಳೇ! ಒಂದೆರಡಲ್ಲ, ಎರಡು ಬಿಸ್ಕತ್ತು ಡಬ್ಬಗಳ ತುಂಬ. ಜನ್ಮದಲ್ಲಿ ಅವಳು ಒಂದು ಬೀಡಿ ಸೇದಿದವಳಲ್ಲ. ಆದರೂ ಎಷ್ಟು ಊದುಬತ್ತಿ ಹಚ್ಚಿದರೂ ನಮ್ಮ ದೇವರ ಕೋಣೆ ಗೂಡಂಗಡಿಯ ಹಾಗೇ ನಾರುತ್ತಿತ್ತು.

ಮದ್ರಾಸು ಚೆನ್ನೈ ಆದ ಹೊಸತು. ಪುರಸೈವಾಕ್ಕಂನಲ್ಲಿ ಭಾವನ ಹೋಟೆಲು, ಅದರ ಗಲ್ಲಾದಲ್ಲಿ ನಾನು. ನಮ್ಮ ಅಡುಗೆ ಭಟ್ಟರ ಮಗು ಕೆಮ್ಮು ಹತ್ತಿ ಆಸ್ಪತ್ರೆ ಸೇರಿದಾಗ ಅಕ್ಕ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನೋಡಲು ಹೋದಳು. ಗೇಟಿನೆದುರು ಗೂಡಂಗಡಿ. ಅಲ್ಲಿ ಸಿಗರೇಟು ಹಚ್ಚಿಕೊಳ್ಳಲು ನೇತುಹಾಕಿದ್ದ ಕೆಂಡದ ಹಗ್ಗಕ್ಕೆ ಸಾಲಾಗಿ ಮುಖ ಒಡ್ಡಿ ನಿಂತವರೆಲ್ಲ ಒಳಗೆ ಮಲಗಿದ್ದ ಮಕ್ಕಳ ಅಪ್ಪಂದಿರು! ಚಿಂತೆಗೆ ಒಂದು ಸೇದುವುದು, ಒಳಗೆ ಹೋಗಿ ಕೆಮ್ಮುವ ಮಗುವನ್ನು ಎದೆಗೊತ್ತಿಕೊಳ್ಳುವುದು, ಮತ್ತೆ ಚಿಂತೆ, ಮತ್ತೆ ಹಗ್ಗ. ಅಕ್ಕನಿಗೆ ತಡೆಯಲಾಗಲಿಲ್ಲ; ಅಂದಿನಿಂದ ದಿನವೂ ಫ್ಲಾಸ್ಕು ಹಿಡಿದು ಅಲ್ಲಿಗೆ ಹೊರಟಳು.

ಹಾಗೆಂದು ಬುದ್ಧಿ ಹೇಳುವವಳಲ್ಲ ಅವಳು. ಕಾಫಿ ಕೊಟ್ಟು, ಮಗುವಿನ ಹೆಸರು ಕೇಳಿ, ಮೆಲ್ಲಗೆ ಕೈ ಚಾಚುವಳು. "ತಂಬಿ, ಅದೆ ಇಂಗ ಕುಡುಪ್ಪಾ." ತಮ್ಮಾ, ಅದನ್ನು ಇಲ್ಲಿ ಕೊಡಪ್ಪ ಎಂದು. ಪ್ಯಾಕೆಟ್ಟು ಕೈಗೆ ಬಂದದ್ದೇ ತಡ, ನಮ್ಮ ಕಡೆ ಹರಕೆಯ ನಾಣ್ಯವನ್ನು ಕಟ್ಟಿಡುತ್ತಾರಲ್ಲ, ಹಾಗೆ ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿ ಮುಡಿಪು ಮಾಡಿಬಿಡುವಳು. ಮಗು ಮನೆಗೆ ಬರುವ ತನಕ ಅದು ದೇವರದ್ದು. ಮುಡಿಪಿಗೆ ಕೈ ಹಾಕುವ ಧೈರ್ಯ ಯಾರಿಗುಂಟು? ಒಬ್ಬ ತಾನು ಕ್ರಿಶ್ಚಿಯನ್ ಎಂದು ನುಣುಚಿಕೊಳ್ಳಲು ನೋಡಿದನಂತೆ. "ಗಂಟು ನನ್ನದು, ದೇವರು ನಿನ್ನವನೇ ಇರ್ಲಿ" ಎಂದಳಂತೆ! ಮಗು ಮನೆಗೆ ಹೋದ ಮೇಲೆ ಗಂಟು ಬಿಡಿಸಿಕೊಳ್ಳಲು ಬಂದವರಿಗೂ ಕಾಫಿ ಕೊಟ್ಟು, "ಮಗು ಈಗ ಕೆಮ್ಮುತ್ತದಾ?" ಎಂದು ಕೇಳುವಳು. ಕೆಲವರು ಗಂಟು ಒಯ್ದೇ ಒಯ್ದರು. ಹೆಚ್ಚಿನವರು ಬರಿಗೈಯಲ್ಲಿ ಹಿಂದಿರುಗಿದರು.

ಒಮ್ಮೆ ಭಾವ ತಿರುಪತಿಗೆ ಹೊರಟರು. ಮೂವತ್ತು ವರ್ಷ ಇಂಗಿನ ಒಗ್ಗರಣೆ ಮೂಸಿದ ಮೂಗು, ಬೇರೆ ವಾಸನೆ ಹತ್ತುವುದೇ ಇಲ್ಲ! ಹೆಂಡತಿಯ ಹರಕೆ ಎಂದು ಮುಡಿಪುಗಳನ್ನೆಲ್ಲ ಭಕ್ತಿಯಿಂದ ಚೀಲಕ್ಕೆ ತುಂಬಿಕೊಂಡರು. ಬೆಟ್ಟದ ಬುಡದಲ್ಲಿ ತಪಾಸಣೆಯವರು ಒಂದೊಂದೇ ಗಂಟು ಬಿಚ್ಚುತ್ತಾ ಹೋದಾಗ, ಹಣೆಗೆ ಗೋಪೀಚಂದನ ಇಟ್ಟುಕೊಂಡಿದ್ದ ಭಾವ ನೆಲ ನೋಡುತ್ತಾ ನಿಂತಿದ್ದರಂತೆ. ಮನೆಗೆ ಬಂದು ಕೂಗಾಡಿದರು. ಅಕ್ಕ ಹೇಳಿದ್ದು ಇಷ್ಟೆ: "ಹರಕೆ ತೀರುವ ಮೊದಲೇ ಕೊಂಡುಹೋದದ್ದು ಯಾಕೆ?"

ಇಷ್ಟೆಲ್ಲ ಹೇಳಿ ನನ್ನ ಹೊಟ್ಟೆಕಿಚ್ಚನ್ನು ಹೇಳದಿದ್ದರೆ ಹೇಗೆ? ದಿನಕ್ಕೊಂದು ಪ್ಯಾಕೆಟ್ಟು ಸುಡುವ ನಾನು ಹೆಂಡತಿ, ಮಗಳ ಜೊತೆ ಅವಳದೇ ಮನೆಯ ಮಹಡಿಯಲ್ಲಿದ್ದೆ! ಊರಿನವರೆಲ್ಲ ಅವಳಿಗೆ ತಂಬಿ, ಒಡಹುಟ್ಟಿದ ತಮ್ಮ ಮಾತ್ರ ಯಾರೋ! ಮಣಲಿಯ ಕಾರ್ಖಾನೆಯ ಒಬ್ಬ ತಂಬಿ ಸಿಗರೇಟು ಬಿಟ್ಟು ನೂರು ದಿನವಾಯಿತೆಂದು ಅವನಿಗೆ ಹೆಸರುಬೇಳೆ ಪಾಯಸ, ಅದೂ ನನ್ನ ಲೋಟದಲ್ಲಿ! ನಾನು ಬೇಕೆಂದೇ ಅವಳೆದುರು ನಿಂತು ಕೆಮ್ಮಿದೆ. ಎದ್ದು ಕಿಟಕಿ ತೆರೆದಳು, ಅಷ್ಟೆ.

ಮರುವರ್ಷ ನನ್ನ ನಾಲ್ಕು ವರ್ಷದ ಮಗಳಿಗೇ ಉಬ್ಬಸ ಹತ್ತಿತು. ಅದೇ ಆಸ್ಪತ್ರೆ. ಮಂಚದ ಪಕ್ಕ ಕುಸಿದು ಕುಳಿತಿದ್ದೆ. ಅಕ್ಕ ಫ್ಲಾಸ್ಕು ಹಿಡಿದು ಬಂದಳು. ಈಗಲಾದರೂ ಕೈ ಚಾಚುತ್ತಾಳೆ ಎಂದು ಜೇಬು ಮುಟ್ಟಿಕೊಂಡೆ. ಅವಳೋ, ನನಗೆ ಕಾಫಿ ಬಗ್ಗಿಸಿ ಕೊಟ್ಟು, ಪಕ್ಕದ ಮಂಚಕ್ಕೆ ಹೋಗಿ ಅಲ್ಲಿದ್ದ ಅಪ್ಪನೆದುರು ಕೈ ಚಾಚಿದಳು! ಸಾಲದ್ದಕ್ಕೆ ಅವನ ಬೆನ್ನನ್ನೂ ಸವರಿದಳು. ಮಗಳು ಉಸಿರಿಗೆ ಒದ್ದಾಡುತ್ತಿರುವಾಗ ಪಕ್ಕದವನ ಮೇಲೆ ಅಸೂಯೆಪಟ್ಟ ತಂದೆ ನಾನು. ನಾಚಿಕೆಯಾಯಿತು, ಆದರೂ ಅಸೂಯೆ ಹೋಗಲಿಲ್ಲ.

ವರಾಂಡಕ್ಕೆ ಕರೆದು ಜಗಳಕ್ಕೇ ನಿಂತೆ. "ಊರವರ ಹತ್ರ ಎಲ್ಲ ಕೇಳ್ತಿ. ನನ್ನ ಹತ್ರ ಒಂದು ಸರ್ತಿಯಾದ್ರೂ ಕೇಳಿದ್ಯಾ? ನಾನೆಂತ ಹೊರಗಿನವನಾ?"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ಹೇಳಿದಳು: "ಅವರು ಕೊಡುದಿಲ್ಲ ಅಂದ್ರೆ ಇನ್ನೊಬ್ಬನ ಹತ್ರ ಹೋಗ್ತೇನೆ ಮಾರಾಯ. ನೀನು ಕೊಡುದಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗುದು?"

ಇಷ್ಟು ದಿನವೂ ಅವಳು ನನ್ನ ಬಾಯಿಂದ ಬರಬಹುದಾದ ಒಂದು 'ಇಲ್ಲ'ಕ್ಕೆ ಹೆದರಿಕೊಂಡಿದ್ದಳು! ನಾನು ಜೇಬಿನಿಂದ ಪ್ಯಾಕೆಟ್ಟು ತೆಗೆದು ಅವಳ ಕೈಯಲ್ಲಿಟ್ಟೆ. ಅರಿಸಿನದ ಬಟ್ಟೆ ತೆಗೆದು ಕಟ್ಟಲು ಹೋದಳು, ಎರಡು ಸಲವೂ ಗಂಟು ಜಾರಿತು. ಬಟ್ಟೆಯ ಒಂದು ತುದಿಯನ್ನು ನಾನು ಹಿಡಿದುಕೊಂಡೆ.