ಬಿ ಜುವೇನಾಳ ಮಾವಿನ ಕಂಗಾ

ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲವೆಂದು ಬಿ ಜುವೇನಾ ಒಲೆಯ ಮುಂದೆ ಶಪಥ ಮಾಡಿದಳು. ಕೂಗಾಡಿ ಗಂಡನನ್ನು ಉಳಿಸಿಕೊಳ್ಳುವುದು ಅಂಥಿಂಥವರ ಕೆಲಸ. ಮಲಿಂದಿ ಓಣಿಯಲ್ಲಿ ಹುಟ್ಟಿ ಬೆಳೆದವಳ ಪರವಾಗಿ ಅವಳ ಕಂಗಾ ಮಾತಾಡುತ್ತದೆ. ಝಾಂಜಿಬಾರಿನಲ್ಲಿ ಕಂಗಾ ಬರೀ ಉಡುವ ಬಟ್ಟೆಯಲ್ಲ. ಅದರ ಅಂಚಿಗೆ ಅಚ್ಚು ಹಾಕಿದ ಒಂದೇ ಸಾಲಿನಲ್ಲಿ ಅತ್ತೆ, ನಾದಿನಿ, ಸವತಿ ಎಲ್ಲರಿಗೂ ಉತ್ತರವಿರುತ್ತದೆ. ಬಟ್ಟೆಯ ಜೊತೆ ಯಾರು ಜಗಳಕ್ಕೆ ನಿಲ್ಲುತ್ತಾರೆ?

ಈ ಶಪಥಕ್ಕೆ ಕಾರಣ ಲೀಸ್ಬೆತ್. ಹಾಲೆಂಡಿನ ಈ ಹುಡುಗಿ ಜುವೇನಾಳ ಗಂಡ ಉಸ್ಸಿ ಮೇಷ್ಟ್ರ ಹತ್ತಿರ ಸ್ವಾಹಿಲಿ ಕಲಿಯಲು ಬರುತ್ತಿದ್ದಳು. ಪಾಠ ನಡೆಯುವುದು ಮನೆ ಮುಂದಿನ ಕಲ್ಲುಜಗಲಿಯ ಮೇಲೆ. ಮೇಷ್ಟ್ರು ಒಂದು ಪದ ಹೇಳುವರು, ಅದರ ಇಂಗ್ಲಿಷ್ ಅರ್ಥ ಹೇಳುವರು, ಆಮೇಲೆ ಉದಾಹರಣೆಗೊಂದು ವಾಕ್ಯ. ಪದ, ಅರ್ಥಗಳ ಬಗ್ಗೆ ಜುವೇನಾಳಿಗೆ ತಕರಾರಿರಲಿಲ್ಲ. ಹೊಟ್ಟೆ ಉರಿಸಿದ್ದು ಉದಾಹರಣೆ.

"ಅಸಾಲಿ ಅಂದ್ರೆ ಜೇನು," ಎಂದರು ಮೇಷ್ಟ್ರು. "ವಾಕ್ಯ ಬರ್ಕೋ. ನಿನ್ನ ದನಿ ಅಸಾಲಿ ಇದ್ದ ಹಾಗಿದೆ."

ಲೀಸ್ಬೆತ್ ನಕ್ಕಳು. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಜುವೇನಾ ಬೆರಳನ್ನೇ ತುರಿದುಕೊಂಡಳು. ಮದುವೆಯಾದಾಗಿನಿಂದ ಈ ಮನುಷ್ಯ ತನಗೆ ಹೇಳಿದ ವಾಕ್ಯಗಳೆಲ್ಲ ಉಪ್ಪು ಸಾಲದು, ಕಾಫಿ ಆರಿದೆ, ಇಷ್ಟೇ. ಆ ಜೇನು ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತು?

ಅವತ್ತೇ ದರಾಜಾನಿ ಮಾರುಕಟ್ಟೆಗೆ ಹೋಗಿ ಆರಿಸಿ ಆರಿಸಿ ಒಂದು ಹಳದಿ ಕಂಗಾ ತಂದಳು. ಮೈತುಂಬ ಮಾವಿನಹಣ್ಣು, ಅಂಚಿನಲ್ಲಿ ದಪ್ಪಕ್ಷರದ ಸಾಲು: 'ಮರ ನನ್ನದು, ಹಣ್ಣಿಗೆ ಕಲ್ಲೆಸೆಯಬೇಡ.' ಮುಂದಿನ ಪಾಠದ ದಿನ ಅದನ್ನುಟ್ಟು ಜಗಲಿಗೆ ಕಾಫಿ ತಂದಳು. ಸಾಲು ಹಿಂಬದಿಗೆ ಬರುತ್ತದಲ್ಲ, ಬೆನ್ನು ತಿರುಗಿಸಿ, ಕುದುರೆ ಏರಿದ ಸುಲ್ತಾನನ ಗತ್ತಿನಲ್ಲಿ ನಿಧಾನವಾಗಿ ಒಳಗೆ ನಡೆದಳು.

ಲೀಸ್ಬೆತ್ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಮೇಷ್ಟ್ರೇ, ಇದರ ಅರ್ಥ ಏನು?"

ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು. "ಅದು... ಕೃಷಿಗೆ ಸಂಬಂಧಪಟ್ಟಿದ್ದು. ಮರಗಿಡಗಳನ್ನ ಪ್ರೀತಿಯಿಂದ ನೋಡ್ಕೋಬೇಕು ಅಂತ."

"ಎಷ್ಟು ಒಳ್ಳೇ ಮಾತು," ಎಂದಳು ಅವಳು.

ಗಂಡ ಕೆಮ್ಮಿದ್ದು ಮಾತ್ರ ಕೇಳಿಸಿಕೊಂಡ ಜುವೇನಾ ಬಾಣ ನಾಟಿತೆಂದು ಹಿಗ್ಗಿದಳು. ಆ ಹಿಗ್ಗು ಮುಂದಿನ ಪಾಠದವರೆಗೆ ಬಾಳಿತು. ಅಂದು ಲೀಸ್ಬೆತ್ ಬಂದದ್ದು ಅದೇ ಹಳದಿ, ಅದೇ ಮಾವು, ಅದೇ ಸಾಲಿನ ಕಂಗಾ ಉಟ್ಟು.

"ನೋಡಿ ಅಕ್ಕಾ, ನಾನೂ ತಗೊಂಡೆ. ನಂಗೂ ಮರ ಅಂದ್ರೆ ಪ್ರಾಣ," ಎಂದು ಬಾಯಿಪಾಠ ಮಾಡಿಕೊಂಡು ಬಂದ ಸ್ವಾಹಿಲಿಯಲ್ಲಿ ಒಪ್ಪಿಸಿದಳು.

ಜುವೇನಾ ತಟ್ಟನೆ ಓಣಿಯ ಕಿಟಕಿಗಳತ್ತ ನೋಡಿದಳು. ಇಬ್ಬರು ಹೆಂಡಿರ ಗಂಡ ವಾರದ ದಿನಗಳನ್ನು ಇಬ್ಬರಿಗೂ ಹಂಚಬೇಕು, ಒಬ್ಬಳಿಗೆ ಏನು ತಂದರೂ ಇನ್ನೊಬ್ಬಳಿಗೂ ಅದನ್ನೇ ತರಬೇಕು. ಬಣ್ಣ ಚೂರು ಬೇರೆಯಾದರೂ ಮನೆಯ ಮಾಡು ಉಳಿಯುವುದಿಲ್ಲ. ಇದು ಓಣಿಯ ಕೂಸಿಗೂ ಗೊತ್ತು. ಗೆಳತಿಯರೂ ಒಂದೇ ಥರದ ಕಂಗಾ ಉಡುತ್ತಾರೆ, ನಿಜ. ಆದರೆ 'ಮರ ನನ್ನದು' ಎಂದು ಇಬ್ಬರೂ ಸೇರಿ ಸಾರುವುದಿಲ್ಲ.

ಅಷ್ಟರಲ್ಲಿ ಎದುರುಮನೆಯ ದರ್ಜಿಯ ಹೆಂಡತಿ ಬಿ ಟಾಟು ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕುತ್ತ ಬಂದೇಬಿಟ್ಟಳು. ಜೊತೆಗೆ ಅವಳ ಸವತಿ.

"ನಮಗೊಂದು ಮಾತು ಹೇಳ್ದೆ ಮದುವೆ ಮುಗಿಸಿಬಿಟ್ರಲ್ಲೇ? ಹೋಗ್ಲಿ, ಉಸ್ಸಿ ನ್ಯಾಯವಂತ. ಇಬ್ರಿಗೂ ಒಂದೇ ತಂದಿದಾನೆ." ಆಮೇಲೆ ಲೀಸ್ಬೆತ್ ಕಡೆ ತಿರುಗಿ, "ನಿನ್ನ ದಿನಗಳು ಯಾವ್ಯಾವು ತಾಯಿ?" ಎಂದಳು.

ವಾರದ ಹೆಸರುಗಳನ್ನು ಹೊಸದಾಗಿ ಕಲಿತಿದ್ದ ಲೀಸ್ಬೆತ್‌ಗೆ ಒಂದು ಇಡೀ ಪ್ರಶ್ನೆ ಅರ್ಥವಾದದ್ದು ಅದೇ ಮೊದಲು. ಮುಖ ಅರಳಿತು.

"ಸೋಮವಾರ, ಬುಧವಾರ, ಶನಿವಾರ. ಮೇಷ್ಟ್ರಿಗೆ ಪುರುಸೊತ್ತಾದ್ರೆ ಭಾನುವಾರಾನೂ."

ಮೇಷ್ಟ್ರು ಬಾಂಗ್ ಆಗುವ ಮುಂಚೆಯೇ ಮಸೀದಿಗೆ ಹೊರಟಿದ್ದರು. ಓಣಿಯ ತಿರುವಿನಲ್ಲಿ ಗಂಡಸರು ಅವರ ಕೈ ಕುಲುಕುತ್ತಿರುವುದು ಜುವೇನಾಳಿಗೆ ಕಾಣಿಸಿತು. ಶಪಥ ಸಮುದ್ರಕ್ಕೆ ಬಿತ್ತು. ಅವಳು ಟಾಟುವಿನ ಎರಡೂ ಕೈ ಹಿಡಿದುಕೊಂಡಳು.

"ನಮ್ಮಮ್ಮನಾಣೆ ಟಾಟು, ಇವಳು ಸವತಿ ಅಲ್ವೇ ಅಲ್ಲ. ನಮ್ಮನೆಯವರ ಹತ್ರ ಪಾಠ ಕಲಿಯೋಕೆ ಬರ್ತಾಳೆ, ಅಷ್ಟೇ."

ಬಿ ಟಾಟು ಅವಳ ತಲೆ ನೇವರಿಸಿದಳು. ಪಕ್ಕದಲ್ಲಿದ್ದ ತನ್ನ ಸವತಿಯನ್ನೊಮ್ಮೆ ನೋಡಿ ನಿಟ್ಟುಸಿರುಬಿಟ್ಟಳು.

"ಹೇಳ್ಕೋ ಕಣೆ, ಮನಸ್ಸು ಹಗುರಾಗುತ್ತೆ. ಇವಳು ನಮ್ಮನೆಯವರ ಹತ್ರ ಹೊಲಿಗೆ ಕಲಿಯೋಕೆ ಬರ್ತಾಳೆ ಅಂತ ನಾನೂ ಒಂದು ವರ್ಷ ಊರೆಲ್ಲ ಹೇಳ್ಕೊಂಡು ತಿರುಗಿದ್ದೆ."