ಬಿರುಕಿಗೊಂದು ಬಳ್ಳಿ

ಬೇರೆಯವರ ಮನೆಯಲ್ಲಿ ಏನಾದರೂ ಒಡೆದರೆ ಖುಷಿಪಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಸೋದರಮಾವ!

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಅವರದು ಎರಡು ಕೋಣೆಯ ಮನೆ. ಮೊದಲು ಮೀನುಗಾರರ ಬಲೆ ಹೊಲಿಯುತ್ತಿದ್ದರು. ಬೆನ್ನು ಸೋತ ಮೇಲೆ ಅದನ್ನು ಬಿಟ್ಟು, ಬಿರುಕು ಬಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ಬೆನ್ನು ಹತ್ತಿದರು. ಕೊಡೆಕಡ್ಡಿ ಕಾಯಿಸಿ ಬಿರುಕಿನ ಎರಡೂ ಬದಿಗೆ ತೂತು ಮಾಡಿ, ಬಣ್ಣದ ಬಲೆನೂಲಿನಿಂದ ಹೊಲಿಯುವುದು. ಸುಮ್ಮನೆ ಹೊಲಿದರೆ ಅರ್ಧ ಗಂಟೆಯ ಕೆಲಸ. ಆದರೆ ಮಾವ ಸುಮ್ಮನೆ ಹೊಲಿದರೆ ತಾನೇ! ಬಿರುಕು ಓಡಿದತ್ತ ಬಳ್ಳಿ ಓಡಬೇಕು, ಬಳ್ಳಿಗೆ ಎಲೆ ಬೇಕು, ಎಲೆಯ ಸಂದಿಯಲ್ಲಿ ಮೊಗ್ಗೂ ಬೇಕು.

ಪಕ್ಕದ ಮನೆಯ ಅಕ್ಕ ಹಾಗೆ ಹೊಲಿಸಿಕೊಂಡ ಕುರ್ಚಿಗೆ ಟವೆಲ್ ಹೊದೆಸಿ ಚಾವಡಿಯಲ್ಲಿಟ್ಟರು. ಯಾರನ್ನೂ ಕೂರಲು ಬಿಡಲಿಲ್ಲ. ಮಾವನಿಗೆ ರೇಗಿತು.

“ಹ್ವಾಯ್, ಕೂಕಂಬುಕೆ ಹೊಲ್ದದ್ದ್ ಮಾರಾಯ್ತಿ, ಪೂಜೆ ಮಾಡುಕಲ್ಲ!”

ಟವೆಲ್ ಕಿತ್ತೆಸೆದು ತಾವೇ ಕುಳಿತರು. ಮಧ್ಯಾಹ್ನದ ಊಟದವರೆಗೂ ಏಳಲಿಲ್ಲ!

ಇನ್ನೊಮ್ಮೆ ಸಭಾಭವನದ ಯಜಮಾನರೊಬ್ಬರು ಇಪ್ಪತ್ತು ಒಡೆದ ಕುರ್ಚಿ ತಂದಿಳಿಸಿದರು. ತಿಂಗಳು ಬಿಟ್ಟು ಬಂದು ನೋಡಿದರೆ ಎರಡೇ ಎರಡು ಸಿದ್ಧ!

“ಚಂದ ಯಾರಿಗ್ ಬೇಕ್ ಮಾರಾಯ್ರೆ? ಗಟ್ಟಿ ಇದ್ರ್ ಸಾಕಲ್ದಾ?” ಎಂದರು ಯಜಮಾನರು.

“ಗಟ್ಟಿ ಇದ್ದದ್ದನ್ನೂ ಬಿಸಾಡ್ತ್ರ್. ಚಂದ ಇದ್ದದ್ದನ್ನ ಬಿಸಾಡುಕೆ ಮನಸ್ ಬಪ್ಪುದಿಲ್ಲ,” ಎಂದರು ಮಾವ.

ಯಜಮಾನರು ಉಳಿದ ಹದಿನೆಂಟನ್ನು ಹೇರಿಕೊಂಡು ಹೊರಟೇ ಹೋದರು. ಅತ್ತೆ ಬಿದ್ದು ಬಿದ್ದು ನಕ್ಕರು. “ಈ ಎಲೆ ಸೊಟ್ಟ ಆಯ್ತ್ ಕಾಣಿ” ಎಂದು ಬೆರಳಿಟ್ಟು ತೋರಿಸುವವರೂ ಅವರೇ. ಮಾವ ಗೊಣಗುತ್ತ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು.

ಆಮೇಲೆ ಮಾವ ವಾರಕ್ಕೆರಡು ಸಲ ಫೋನ್ ಮಾಡತೊಡಗಿದರು. “ಎಂತಾರೂ ಒಡ್ದಿತ್ತಾ?”

“ಇಲ್ಲ ಮಾವ, ಎಲ್ಲಾ ಗಟ್ಟಿ ಇತ್ತ್!” ಎಂದು ನಾನು ನಗುತ್ತಿದ್ದೆ.

“ಒಳ್ಳೇದಾಯ್ತ್,” ಎನ್ನುತ್ತಿದ್ದರು. ಆದರೆ ಫೋನ್ ಇಡುತ್ತಿರಲಿಲ್ಲ. ಆ ಕಡೆಯಿಂದ ಹೆದ್ದಾರಿಯ ಬಸ್ಸುಗಳ ಸದ್ದಷ್ಟೇ ಕೇಳುತ್ತಿತ್ತು.

ಕಳೆದ ತಿಂಗಳು ಹೆಮ್ಮಾಡಿಗೆ ಹೋದೆ. ಮಾವ ಜಗಲಿಯಲ್ಲಿ ತಮ್ಮದೇ ಕುರ್ಚಿಯ ಹೊಲಿಗೆ ಬಿಚ್ಚುತ್ತಿದ್ದರು.

“ಚಂದ ಇತ್ತಲ್ಲ ಮಾವ, ಎಂತಕ್ ಬಿಚ್ಚೂದ್?”

“ಮತ್ತೆ ಹೊಲಿಯುಕೆ.” ಅವರು ತಲೆ ಎತ್ತಲಿಲ್ಲ. “ಮನೇಲಿದ್ದದ್ದೆಲ್ಲಾ ಹೊಲ್ದ್ ಮುಗೀತ್. ಸೊಟ್ಟ ಆಯ್ತಾ, ಸಮ ಆಯ್ತಾ ಅಂದ್ ಹೇಳುಕೆ ಯಾರೂ ಇಲ್ಲೆ.”

ಬೈಂದೂರಿನ ನನ್ನ ಮನೆಗೆ ಬಂದವನೇ ಹೊಸ ಕುರ್ಚಿಯ ಮೇಲೆ ಹತ್ತಿ ಕುಣಿದೆ. ಒಡೆಯಬೇಕಲ್ಲ! “ನಿಮ್ಗ್ ಎಂತ ಆಯ್ತ್?” ಎಂದು ಓಡಿ ಬಂದ ಹೆಂಡತಿ, ಕಾರಣ ಕೇಳಿ ಅಂಗಳಕ್ಕಿಳಿದಳು. ತಾನೇ ಒಂದು ಕಲ್ಲು ತಂದುಕೊಟ್ಟಳು.

ಕುರ್ಚಿ ಒಡೆಯಿತೆಂದು ನಾನು ಫೋನ್ ಮಾಡಿದ ಮರುದಿನವೇ ಮಾವ ಬಂದರು. ಬಿರುಕಿನ ಉದ್ದಕ್ಕೂ ಬೆರಳಾಡಿಸಿ ನಮ್ಮಿಬ್ಬರ ಮುಖ ನೋಡಿದರು.

“ಇದ್ ಕೂಕಂಡ್ ಒಡ್ದದ್ದಲ್ಲ,” ಎಂದರು.

ಮಾವ ಚೀಲದಿಂದ ನೂಲಿನ ಉಂಡೆಗಳನ್ನು ತೆಗೆದು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟರು.

“ದೊಡ್ಡ ಕೆಲ್ಸ ಇತ್ತ್. ಒಂದ್ ವಾರ ಬೇಕಾತ್ತ್,” ಎಂದರು. “ಉಳ್ಕಂಬುಕೆ ಜಾಗ ಇತ್ತಾ?”