ಏರುವವರಿಗೆ ಇಳಿಯುವವರು ಹೇಳತಕ್ಕ ಸುಳ್ಳಿನ ಕುರಿತು

ದಿಬ್ಬದ ಕಾಲುದಾರಿ ನಿರ್ವಹಣಾ ಕಚೇರಿ
ಸಂಖ್ಯೆ: ದಿಕಾನಿ/ಏರು/ಸುಳ್ಳು/4

ವಿಷಯ: ಸಮುದ್ರದಂಚಿನ ದಿಬ್ಬದ ದಾರಿಯಲ್ಲಿ "ಇನ್ನೇನು ಬಂದೇ ಬಿಡ್ತು" ಎಂದು ಹೇಳುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: ದಾರಿ ಕಾವಲುಗಾರರ ಅಂತ್ಯಕ್ರಿಯೆಯ ನಂತರ ಕಚೇರಿ ಎಂದಿನಂತೆ ಬಾಗಿಲು ತೆರೆದ ಮೊದಲ ಬೆಳಿಗ್ಗೆ ಬಂದ ದೂರುಗಳು.

ಸದರಿ ದಾರಿ ಚಿಕ್ಕದು, ಆದರೆ ಗೋಡೆಯಷ್ಟು ಕಡಿದು. ತುದಿಯಿಂದ ಎರಡೂ ಕಡೆ ಸಮುದ್ರ ಕಾಣುತ್ತದೆ. ಅಲ್ಲಿಯವರೆಗೆ ಮುಂದಿರುವವರ ಹಿಮ್ಮಡಿ ಮಾತ್ರ ಕಾಣುತ್ತದೆ. ದಿವಂಗತ ಕಾವಲುಗಾರರು ನಡುದಾರಿಯ ತಿರುವಿನಲ್ಲಿ ನಿಂತು, ಏದುಸಿರು ಬಿಡುತ್ತ ಬಂದವರಿಗೆಲ್ಲ "ಬಂದೇ ಬಿಡ್ತು ಕಣ್ರೀ, ಆ ಬಂಡೆ ದಾಟಿದ್ರೆ ಮುಗೀತು" ಎನ್ನುತ್ತಿದ್ದರು. ಬಂಡೆಯಾಚೆ ಇನ್ನೂ ಅಷ್ಟೇ ದಾರಿ ಇರುವುದು ತಿಳಿದಿದ್ದರೂ, ಜನ ತುದಿ ಮುಟ್ಟುತ್ತಿದ್ದುದರಿಂದ ಕಚೇರಿ ಕಣ್ಣು ಮುಚ್ಚಿಕೊಂಡಿತ್ತು.

ಅವರ ಜಾಗಕ್ಕೆ, ಕಚೇರಿಯ ಸಹಾಯಕಿಯೂ ಅವರ ಪತ್ನಿಯೂ ಆದವರನ್ನು ತಾತ್ಕಾಲಿಕವಾಗಿ ನಿಯೋಜಿಸಲಾಯಿತು. ಕೇಳಿದವರಿಗೆ ಅವರು "ಇನ್ನೂ ಅರ್ಧ ಇದೆ. ಮುಂದೆ ಇದಕ್ಕಿಂತ ಕಷ್ಟ" ಎಂದು ನಿಜ ನುಡಿದ ಪರಿಣಾಮ ಆ ದಿನ ಒಬ್ಬರೂ ತುದಿ ಮುಟ್ಟಿಲ್ಲ. ಒಬ್ಬ ತಾತ "ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳೋದೇನಮ್ಮಾ?" ಎಂದು ಕುಳಿತಲ್ಲೇ ಬುತ್ತಿ ಬಿಚ್ಚಿದ್ದಾರೆ. ವಿಚಾರಿಸಲಾಗಿ ಸಹಾಯಕಿಯವರು "ಸುಳ್ಳು ಹೇಳೋಕೆ ಶಕ್ತಿ ಇಲ್ಲ ಸಾರ್" ಎಂದಿದ್ದಾರೆ. ಹೀಗೇ ಆದಲ್ಲಿ ದಾರಿಯನ್ನೂ ಅವರ ಹುದ್ದೆಯನ್ನೂ ಒಟ್ಟಿಗೆ ಮುಚ್ಚಬೇಕಾಗುವುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. "ಇನ್ನೆಷ್ಟು ದೂರ?" ಎಂದು ಕೇಳಲ್ಪಟ್ಟಲ್ಲಿ ಇಳಿಯುವವರೂ ತಿರುವಿನ ಕಾವಲಿನಲ್ಲಿರುವವರೂ ಸುಳ್ಳನ್ನೇ ಹೇಳತಕ್ಕದ್ದು. ಸುಳ್ಳು ಬಾಕಿ ದಾರಿಗಿಂತ ಉದ್ದವಿರಬಾರದು.

2. ಮಂಡಿ ಹಿಡಿದುಕೊಂಡು ಇಳಿಯುವವರು ಮಂಡಿ ಬಿಟ್ಟು, ಮುಖ ಸರಿಮಾಡಿಕೊಂಡು ನಂತರ ಹೇಳತಕ್ಕದ್ದು. ಕೂತು ಜಾರಿಕೊಂಡು ಇಳಿಯುವವರಿಗೆ ಸುಳ್ಳು ಹೇಳುವ ಅರ್ಹತೆ ಇರುವುದಿಲ್ಲ.

3. ಗಂಡಹೆಂಡಿರು ಜೊತೆಯಾಗಿ ಇಳಿಯುವಾಗ ಇಬ್ಬರದೂ ಒಂದೇ ಸುಳ್ಳಾಗಿರತಕ್ಕದ್ದು. "ಅಯ್ಯೋ, ಇನ್ನೂ ತುಂಬಾ ಇದೆಯಲ್ರೀ" ಎಂದು ನಡುವೆ ಬಾಯಿ ಹಾಕಿದವರನ್ನು ಮತ್ತೊಮ್ಮೆ ತುದಿಯವರೆಗೆ ಹತ್ತಿಸಲಾಗುವುದು.

4. ಮಂಜು ಕವಿದು ಏನೂ ಕಾಣದ ದಿನ "ನೋಟ ಹೇಗಿತ್ತು?" ಎಂದು ಕೇಳಿದರೆ "ಹೇಳೋಕೆ ಮಾತೇ ಇಲ್ಲ" ಎಂದು ಉತ್ತರಿಸತಕ್ಕದ್ದು. ಇದು ನಿಜವೇ ಆಗಿರುವುದರಿಂದ ಸುಳ್ಳೆಂದು ಪರಿಗಣಿಸಲಾಗುವುದಿಲ್ಲ.

5. ಮೋಸಹೋದವರು ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಮಾತ್ರ ಬೈಯತಕ್ಕದ್ದು. ಎದುರುಗಾಳಿಗೆ ಬೈಗುಳ ವಾಪಸಾದಲ್ಲಿ ಕಚೇರಿ ಹೊಣೆಯಲ್ಲ. ಬೈಯುತ್ತ ಫೋಟೋ ತೆಗೆಸಿಕೊಳ್ಳುವವರು ನಗಕೂಡದು.

6. ಸಹಾಯಕಿಯವರು ಈ ನಿಯಮಗಳಿಂದ ವಿನಾಯಿತಿ ಕೋರಿದ್ದು, ಅರ್ಜಿ ಪರಿಶೀಲನೆಯಲ್ಲಿರುವಾಗಲೇ, ದಿವಂಗತರು ತುದಿಯ ಚಹಾ ಅಂಗಡಿಯಾಕೆಯಿಂದ ಎರವಲು ತಂದಿದ್ದ ಫ್ಲಾಸ್ಕನ್ನು ಹಿಂತಿರುಗಿಸಲು ನಿನ್ನೆ ದಿಬ್ಬ ಏರಿದ್ದಾರೆ. ಮಗಳ ಬಾಣಂತನ ಮುಗಿಸಿ ಅಂದೇ ಮರಳಿ ಅಂಗಡಿ ತೆರೆದಿದ್ದ ಆಕೆಗೆ ಯಾವ ಸುದ್ದಿಯೂ ತಲುಪಿರಲಿಲ್ಲ. ಫ್ಲಾಸ್ಕ್ ಕೈಗೆ ತೆಗೆದುಕೊಂಡು, ಮುಚ್ಚಳ ತಿರುಗಿಸಿ ಮೂಸಿ, "ತೊಳೆದೂ ತಂದಿದ್ದೀಯಲ್ಲೇ ಮಾರಾಯ್ತಿ! ಅವನಾಗಿದ್ರೆ ಹಾಗೇ ತರ್ತಿದ್ದ. ಎಲ್ಲಿ ಆಸಾಮಿ?" ಎಂದು ಆಕೆ ಕೇಳಿದ್ದಾರೆ. ಸಹಾಯಕಿಯವರು "ಹಿಂದೆ ಬರ್ತಿದ್ದಾರೆ ಅಕ್ಕ, ನಿಧಾನ" ಎಂದಿದ್ದಾರೆ. ಅಂಗಡಿಯಾಕೆ ಎರಡು ಲೋಟ ಇಟ್ಟಿದ್ದಾರೆ.

7. ಮೇಲ್ಕಂಡ ಉತ್ತರವನ್ನು ಪರಿಶೀಲಿಸಲಾಗಿ, ಸಹಾಯಕಿಯವರು ಹುದ್ದೆಗೆ ಅರ್ಹರೆಂದು ಕಂಡುಬಂದಿದೆ. ವಿನಾಯಿತಿ ಅರ್ಜಿಯನ್ನು ತಿರಸ್ಕರಿಸಲಾಗಿದೆ. ದಾರಿ ತೆರೆದಿರುತ್ತದೆ.

ಸಹಿ/-
ಮೇಲ್ವಿಚಾರಕರು
(ದಿಬ್ಬದ ಬುಡ)

ಪ್ರತಿಗಳು:
1. ನಡುದಾರಿಯ ತಿರುವಿನ ಫಲಕಕ್ಕೆ, ಗಾಳಿಗೆ ಹಾರದಂತೆ ಕಲ್ಲಿಟ್ಟು.
2. ಬುತ್ತಿ ಬಿಚ್ಚಿದ ತಾತನವರಿಗೆ, ಇನ್ನೂ ಅಲ್ಲೇ ಇದ್ದಲ್ಲಿ.
3. ತುದಿಯ ಚಹಾ ಅಂಗಡಿಯಾಕೆಗೆ. ಈ ಪ್ರತಿಯನ್ನು ಸಹಾಯಕಿಯವರೇ ಖುದ್ದಾಗಿ ತಲುಪಿಸುವರು. ಅವಸರವಿಲ್ಲ.